ಲಾರ್ಕ್ ಬ್ಯಾಂಕ್ ಮನೆಯ ನಿದ್ದೆ

ಅಕ್ಟೋಬರ್ ಹದಿನಾಲ್ಕು, ಮಂಗಳವಾರ ಬೆಳಿಗ್ಗೆ ಸಂಡರ್‌ಲ್ಯಾಂಡ್ ಪೊಲೀಸ್ ಠಾಣೆಗೆ ಇಬ್ಬರು ಹೆಂಗಸರು ಬಂದರು. ಒಬ್ಬಳು ಷೆರಿಲ್ ಪ್ಯಾಟಿಸನ್. ಬೇಕರಿ ಕೆಲಸದವಳು, ಹಿಟ್ಟು ಮೆತ್ತಿದ ಏಪ್ರನ್ ಮೇಲೆಯೇ ಕೋಟು ಹಾಕಿಕೊಂಡಿದ್ದಳು. ಇನ್ನೊಬ್ಬರು ಬೆರಿಲ್ ಹೆಸ್ಲಪ್, ಅರವತ್ತರ ಹತ್ತಿರದ ಎತ್ತರದ ಹೆಂಗಸು. ಸರ್ಕಾರಿ ಆರೋಗ್ಯ ಸೇವೆಯವರು ಖಾಸಗಿ ಆರೈಕೆ ಮನೆಗಳ ಜೊತೆ ಕರಾರು ಮಾಡಿಕೊಂಡು ವೃದ್ಧರನ್ನು ಅಲ್ಲಿಗೆ ಕಳಿಸುತ್ತಾರೆ. ಅವರ ಆರೈಕೆ ಸರಿಯಾಗಿದೆಯೇ, ಯಾರಿಂದಲೂ ಕೇಡಾಗುತ್ತಿಲ್ಲವೇ ಎಂದು ನೋಡುವ ಹೊಣೆ ಆ ಭಾಗದಲ್ಲಿ ಮುಖ್ಯ ನರ್ಸ್ ಆದ ಬೆರಿಲ್ ಅವರದು.

ಇನ್ಸ್‌ಪೆಕ್ಟರ್ ಇಯಾನ್ ಥರ್ಲ್ ಇಬ್ಬರನ್ನೂ ಕೂರಿಸಿ ದೂರು ಕೇಳಿದರು. ಷೆರಿಲ್‌ಳ ತಂದೆ ನಾರ್ಮನ್, ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದವರು, ವಸಂತದಿಂದ ಲಾರ್ಕ್ ಬ್ಯಾಂಕ್ ಎಂಬ ಆರೈಕೆ ಮನೆಯಲ್ಲಿದ್ದರು. ಅಲ್ಲಿಗೆ ಹೋದ ಮೇಲೆ ಮಂಕಾಗುತ್ತಾ ಬಂದರು. ಮಗಳು ಹೋದಾಗಲೆಲ್ಲ ನಿದ್ದೆ. ವಯಸ್ಸಾಯಿತಲ್ಲ ಎಂದು ಎಲ್ಲರೂ ಅವಳನ್ನೇ ಸಮಾಧಾನ ಮಾಡಿದ್ದರು.

ಅವಳ ಸಂಶಯ ಕೇಳಿದ ಬೆರಿಲ್ ಮಾತ್ರ ಹಾಗೆ ಮಾಡಲಿಲ್ಲ. ಕಳೆದ ಶುಕ್ರವಾರ ಹೇಳದೆ ಕೇಳದೆ ಲಾರ್ಕ್ ಬ್ಯಾಂಕ್‌ಗೆ ಹೋಗಿ, ಕಚೇರಿ ಕೋಣೆಯತ್ತ ತಲೆಹಾಕದೆ, ಹಜಾರದಲ್ಲಿ ವೃದ್ಧರ ನಡುವೆ ಕುರ್ಚಿ ಎಳೆದುಕೊಂಡು ಕೂತರು. ಆ ಮನೆಗೆ ಒಳ್ಳೆಯ ಹೆಸರಿತ್ತು. ಅಲ್ಲಿ ಯಾರೂ ಬೀಳುವುದಿಲ್ಲ, ಯಾರೂ ಕೂಗಾಡುವುದಿಲ್ಲ. ಅವತ್ತು ಸಂಜೆ ಬೆಳಕಿರುವಾಗಲೇ ಎಲ್ಲರ ಗದ್ದವೂ ಎದೆಗೆ ಬಿದ್ದಿತ್ತು, ತುಟಿಗಳು ಒಣಗಿ ಬಿರಿದಿದ್ದವು. ನಾರ್ಮನ್‌ರ ರೆಪ್ಪೆ ಎತ್ತಿ ನೋಡಿದ ಬೆರಿಲ್ ಅಲ್ಲಿಂದಲೇ ಆಂಬುಲೆನ್ಸ್ ಕರೆಸಿದರು. ಆಸ್ಪತ್ರೆಯಲ್ಲಿ ಮುದುಕ ಎರಡನೆಯ ದಿನ ಎದ್ದು ಕೂತು ಹಾಡತೊಡಗಿದರು. ಅವರ ರಕ್ತದಲ್ಲಿ ನಿದ್ದೆ ಬರಿಸುವ ಅಲರ್ಜಿ ಔಷಧ ಇದೆ, ಅದನ್ನು ಯಾವ ವೈದ್ಯರೂ ಬರೆದುಕೊಟ್ಟಿಲ್ಲ ಎಂದು ಪ್ರಯೋಗಾಲಯದಿಂದ ಈಗಷ್ಟೇ ಫೋನ್ ಬಂದಿತ್ತು.

ಥರ್ಲ್ ಪೆನ್ನು ಕೆಳಗಿಟ್ಟರು. "ಆ ಮನೆಗೆ ಜನರನ್ನ ಕಳಿಸಿದ್ದು ನಿಮ್ಮ ಕಚೇರಿನೇ ಅಲ್ವಾ?"

"ಹೌದು. ಒಳ್ಳೆ ಮನೆ ಅಂತ ಹೇಳಿದ್ದೂ ನಾವೇ."

"ಇದು ಹೊರಗೆ ಬಂದ್ರೆ ಕೆಟ್ಟ ಹೆಸರು ನಿಮಗೂ ಬರುತ್ತೆ."

"ಬರ್ಲಿ. ಮೊದಲು ಲಾರ್ಕ್ ಬ್ಯಾಂಕ್‌ನವರಿಗೆ ಒಂದು ಫೋನ್ ಮಾಡಿ ವಿವರಣೆ ಕೇಳು ಅಂದ್ರು ನನ್ನ ಮೇಲಿನವರು. ಫೋನ್ ಮಾಡಿದ್ರೆ ಸಂಜೆಯೊಳಗೆ ಎಲ್ಲ ತೊಳೆದು ಒರೆಸಿ ಇಟ್ಟಿರ್ತಾರೆ. ನಾನು ಸೀದಾ ಇಲ್ಲಿಗೆ ಬಂದೆ."

ದೂರು ದಾಖಲಾಯಿತು. ಮಧ್ಯಾಹ್ನದೊಳಗೆ ಮ್ಯಾಜಿಸ್ಟ್ರೇಟರಿಂದ ಶೋಧನಾ ವಾರಂಟ್ ಸಿಕ್ಕಿತು. ಅಷ್ಟರಲ್ಲಿ ಕಾನ್‌ಸ್ಟೇಬಲ್ ಗೆಮ್ಮಾ ರಾಬ್ಸನ್ ಆಸ್ಪತ್ರೆಗೆ ಹೋಗಿ ನಾರ್ಮನ್‌ರ ಹೇಳಿಕೆ ಪಡೆದಳು. ಮುದುಕ ಅವಳ ಟೋಪಿ ನೋಡಿ ಕಣ್ಣು ಕಿರಿದು ಮಾಡಿದರು.

"ಯಾರಮ್ಮಾ, ಪೊಲೀಸಾ? ನಾನೇನೂ ಕದ್ದಿಲ್ಲ. ನನ್ನ ಬೇಸಿಗೆನ ಯಾರೋ ಪೂರ್ತಿ ಹೊಡ್ಕೊಂಡು ಹೋದ್ರು. ಅದನ್ನ ಬರ್ಕೋ ಮಗಳೇ."

ಸಂಜೆ ಪಾನೀಯ ಕೊಟ್ಟ ಮೇಲೆ ತಲೆ ಭಾರವಾಗುತ್ತಿತ್ತು, ಅದು ಬ್ಲ್ಯಾಕ್‌ಕರೆಂಟ್ ಎಂಬ ಕಪ್ಪು ಹಣ್ಣಿನ ಷರಬತ್ತು, ಫಿಲಿಪ್ಪೀನ್ಸ್‌ನ ಹುಡುಗಿಯೊಬ್ಬಳು ಗಾಡಿಯಲ್ಲಿ ತಂದುಕೊಡುತ್ತಿದ್ದಳು ಎಂದರು. ಗೆಮ್ಮಾ ಹಾಗೆಯೇ ಬರೆದುಕೊಂಡಳು.

ಲಾರ್ಕ್ ಬ್ಯಾಂಕ್‌ಗೆ ಹೊರಡುವ ಮೊದಲು ಥರ್ಲ್ ಒಂದು ಸಂಕಟ ಹೇಳಿಕೊಂಡರು. ಮನೆಯ ಸಿಬ್ಬಂದಿಯನ್ನೆಲ್ಲ ವಿಚಾರಣೆಗೆ ಕೂರಿಸಿದರೆ ವೃದ್ಧರನ್ನು ನೋಡುವವರು ಯಾರು? ಮನೆ ಮುಚ್ಚಿಸಿದರೆ ಅವರು ಎಲ್ಲಿಗೆ ಹೋಗಬೇಕು? ಬೆರಿಲ್ ಕಿಟಕಿಯಾಚೆ ತೋರಿಸಿದರು. ರಸ್ತೆ ಬದಿಯಲ್ಲಿ ಒಂದು ಮಿನಿಬಸ್ ನಿಂತಿತ್ತು. ಅದರ ತುಂಬ ನರ್ಸುಗಳು. ಕೆಲವರು ಆಫೀಸು ಮೇಜು ಬಿಟ್ಟು ಎದ್ದು ಬಂದವರು, ಇಬ್ಬರು ನಿವೃತ್ತರು. ನಡುವೆ ಕೂತ ನಿವೃತ್ತೆಯೊಬ್ಬರು ಹಳೆಯ ಸಮವಸ್ತ್ರದ ಗುಂಡಿ ಹಾಕಲಾಗದೆ ಪಕ್ಕದವಳಿಂದ ಪಿನ್ನು ಚುಚ್ಚಿಸಿಕೊಳ್ಳುತ್ತಿದ್ದರು.

"ಕರೆದಿದ್ದು ಎಷ್ಟು ಜನಾನ?" ಥರ್ಲ್ ಕೇಳಿದರು.

"ಬಂದಷ್ಟೇ ಜನಾನ," ಎಂದರು ಬೆರಿಲ್. ಅವರ ದನಿಯಲ್ಲಿ ಅಡಗಿಸಲಾಗದ ಹೆಮ್ಮೆಯಿತ್ತು. "ಒಬ್ಬರೂ ಆಗಲ್ಲ ಅನ್ನಲಿಲ್ಲ."

ಲಾರ್ಕ್ ಬ್ಯಾಂಕ್‌ನಲ್ಲಿ ಸಂಜೆಯ ಪಾನೀಯದ ಗಾಡಿ ಅಡುಗೆಮನೆ ದಾಟುವಾಗಲೇ ಪೊಲೀಸರು ಒಳಹೊಕ್ಕರು. ಗಾಡಿ ತಳ್ಳುತ್ತಿದ್ದವಳು ಫಿಲಿಪ್ಪೀನ್ಸ್‌ನ ರೊವೆನಾ, ಅಲ್ಲಿನ ಆರೈಕೆ ಸಹಾಯಕಿ. ಗೆಮ್ಮಾ ಗಾಡಿಯಲ್ಲಿದ್ದ ಷರಬತ್ತಿನ ಜಗ್ಗನ್ನು ಮುಟ್ಟುಗೋಲು ಹಾಕಿಕೊಂಡು ಮೊಹರು ಹಚ್ಚಿದಳು. ಮನೆಯ ಮೇಲ್ವಿಚಾರಕಿ ಡೆನಿಸ್ ವಾರ್ಡಲ್ ಸದ್ದು ಕೇಳಿ ಬಂದಳು. ಅವಳೂ ನರ್ಸೇ. ನೀಟಾಗಿ ಬಾಚಿದ ಕೂದಲು, ಮೆತ್ತನೆಯ ಮಾತು. ವಾರಂಟ್ ಓದಿ, ಗಾಡಿ ತಳ್ಳುವುದು ದಿನಾ ರೊವೆನಾ, ಅವಳನ್ನೇ ಕೇಳಿ ಎಂದಳು.

ರೊವೆನಾಳನ್ನು ಊಟದ ಕೋಣೆಯಲ್ಲಿ ಕೂರಿಸಿದರು. ಷರಬತ್ತನ್ನು ಕೊಡುವವಳು ತಾನೇ ಎಂದು ಒಪ್ಪಿಕೊಂಡಳು. ಥರ್ಲ್‌ಗೆ ಪ್ರಕರಣ ಮುಗಿದಂತೆಯೇ ಕಂಡಿತು. ಬಾಗಿಲ ಬಳಿ ನಿಂತಿದ್ದ ಬೆರಿಲ್ ಒಂದು ಪ್ರಶ್ನೆ ತಾನು ಕೇಳಬಹುದೇ ಎಂದರು. ಥರ್ಲ್ ತಲೆಯಾಡಿಸಿದರು.

"ಜಗ್ಗಲ್ಲಿ ಉಳಿದಿದ್ದನ್ನ ಏನ್ಮಾಡ್ತೀಯಮ್ಮಾ?"

"ಕುಡೀತೀನಿ ಮೇಡಂ. ಚೆಲ್ಲೋಕೆ ಮನಸ್ಸು ಬರಲ್ಲ."

"ಕುಡಿದ ಮೇಲೆ?"

ರೊವೆನಾ ನಾಚಿಕೊಂಡಳು. "ಬಸ್ಸಲ್ಲಿ ನಿದ್ದೆ ಹೊಡೀತೀನಿ. ಇಳಿಯೋ ಜಾಗ ದಾಟಿ ಸೀಹ್ಯಾಮ್ ತನಕ ಹೋಗ್ಬಿಡ್ತೀನಿ. ಡ್ರೈವರ್ ಎಬ್ಬಿಸ್ತಾನೆ. ಕೆಲಸದ ಸುಸ್ತು ಅಂದ್ಕೊಂಡಿದ್ದೆ."

ಥರ್ಲ್ ಮತ್ತು ಬೆರಿಲ್ ಪರಸ್ಪರ ಮುಖ ನೋಡಿಕೊಂಡರು. ಔಷಧ ಬೆರೆಸಿದವಳು ಅದನ್ನು ತಾನೇ ಕುಡಿಯುವುದಿಲ್ಲ.

"ಷರಬತ್ತು ಕಲಸೋದು ಯಾರು?" ಥರ್ಲ್ ಕೇಳಿದರು.

"ಡೆನಿಸ್. ಔಷಧದ ಕೋಣೆಯಲ್ಲಿ. ಅಳತೆ ನಮಗೆ ಗೊತ್ತಾಗಲ್ಲ ಅಂತಾರೆ."

ಆ ಕೋಣೆಯ ಬೀಗದ ಕೈ ಡೆನಿಸ್‌ಳ ಸೊಂಟದಲ್ಲೇ ಇತ್ತು. ಕೇಳಿದಾಗ ಬಿಚ್ಚಿಕೊಟ್ಟಳು. ಬೇಸಿನ್ನಿನ ಕೆಳಗೆ, ಮಳೆಗಾಲದ ಬೂಟುಗಳ ಚೀಲದಲ್ಲಿ, ಅಲರ್ಜಿ ಸಿರಪ್ಪಿನ ಖಾಲಿ ಸೀಸೆಗಳೂ ಒಂದೆರಡು ತುಂಬಿದವೂ ಸಿಕ್ಕವು. ಗೆಮ್ಮಾ ಒಂದೊಂದರ ಚಿತ್ರ ತೆಗೆದು ಮಹಜರು ಬರೆದಳು. ಸಂಜೆ ಆರಕ್ಕೆ ಥರ್ಲ್ ಡೆನಿಸ್ ವಾರ್ಡಲ್‌ಳನ್ನು ಬಂಧಿಸಿ ಅವಳ ಹಕ್ಕುಗಳನ್ನು ಓದಿ ಹೇಳಿದರು.

ಅವಳನ್ನು ಹಜಾರದ ಮೂಲಕವೇ ಕರೆದೊಯ್ಯಬೇಕಾಯಿತು. ಮಿನಿಬಸ್ಸಿನ ನರ್ಸುಗಳು ಆಗಲೇ ಕೆಲಸಕ್ಕೆ ಇಳಿದಿದ್ದರು. ಒಬ್ಬಾಕೆ ಮುದುಕಿಯೊಬ್ಬಳ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದಳು. ಪಿನ್ನು ಚುಚ್ಚಿದ ಸಮವಸ್ತ್ರದ ನಿವೃತ್ತೆ ಮೊಣಕಾಲೂರಿ ಯಾರದೋ ಊದಿದ ಪಾದ ತಿಕ್ಕುತ್ತಿದ್ದರು. ಆ ಭಾಗದ ನರ್ಸುಗಳಿಗೆಲ್ಲ ಹಿರಿಯರಾದ ಬೆರಿಲ್ ಹೆಸ್ಲಪ್ ಅಂಗಿಯ ತೋಳು ಮೇಲಕ್ಕೆ ಮಡಚಿ, ಬಿಸಿನೀರಿನ ಬೋಗುಣಿ ಹೊತ್ತು ಬರುತ್ತಿದ್ದರು. ಪೊಲೀಸರಿಗೆ ದಾರಿ ಬಿಡಲಿಲ್ಲ. ಪೊಲೀಸರೇ ಗೋಡೆಗೆ ಸರಿದು ನಿಂತರು. ಇಪ್ಪತ್ತು ವರ್ಷ ಇಲಾಖೆಯಲ್ಲಿದ್ದ ಥರ್ಲ್ ಅವತ್ತು ತನಗೆ ಗೊತ್ತಿಲ್ಲದೆಯೇ ಟೋಪಿ ತೆಗೆದಿದ್ದರು. ದಾರಿಯಲ್ಲಿ ಗೆಮ್ಮಾ ಅದನ್ನು ನೆನಪಿಸಿದಾಗ, ಸೆಕೆಯಾಗಿತ್ತು ಎಂದರು.

ಮರುದಿನ ವಕೀಲರ ಎದುರು ವಿಚಾರಣೆ ನಡೆಯಿತು. ಡೆನಿಸ್ ಏನನ್ನೂ ಅಲ್ಲಗಳೆಯಲಿಲ್ಲ.

ಹಿಂದೆ ಅವಳು ಬೇರೊಂದು ಊರಿನ ಆರೈಕೆ ಮನೆಯಲ್ಲಿದ್ದಳು. ಅಲ್ಲಿ ಓಲಿವ್ ಎಂಬ ಮುದುಕಿ ನಡೆಯಲು ಹಂಬಲಿಸುತ್ತಿದ್ದಳು. ಒಂದು ಮಧ್ಯಾಹ್ನ ಡೆನಿಸ್ ಅವಳನ್ನು ಎಬ್ಬಿಸಿ, ಕಿಟಕಿಯವರೆಗೆ ನಡೆಸಿ, ಪಕ್ಕದ ಕೋಣೆಯವರು ಕರೆಗಂಟೆ ಬಾರಿಸಿದರೆಂದು ಕೈ ಬಿಟ್ಟು ಹೋದಳು. ಓಲಿವ್ ಬಿದ್ದು ಸೊಂಟ ಮುರಿಯಿತು, ತಿಂಗಳೊಳಗೆ ಸತ್ತಳು. ಸಾವಿನ ವಿಚಾರಣೆಯಲ್ಲಿ ಅವಳ ಮಗ ಎಲ್ಲರೆದುರು ಡೆನಿಸ್‌ಳನ್ನು ಕೊಲೆಗಾತಿ ಎಂದ. ಅವತ್ತು ಪಾಳಿಯಲ್ಲಿ ಇದ್ದವಳು ಅವಳೊಬ್ಬಳೇ ಎಂಬುದನ್ನು ಯಾರೂ ಕೇಳಲಿಲ್ಲ.

"ಕೂತವರು ಬೀಳಲ್ಲ," ಎಂದಳು ಡೆನಿಸ್. "ಅಷ್ಟೇ ನನಗೆ ಬೇಕಾಗಿದ್ದು. ಲಾರ್ಕ್ ಬ್ಯಾಂಕಲ್ಲಿ ನಾನಿದ್ದಷ್ಟು ದಿನ ಒಬ್ಬರೂ ಬೀಳಲಿಲ್ಲ."

"ಬದುಕಲೂ ಇಲ್ಲ," ಎಂದರು ಥರ್ಲ್.

ಅವಳು ನಾರ್ಮನ್ ಹೇಗಿದ್ದಾರೆ ಎಂದು ಕೇಳಿದಳು. ಬೆಳಿಗ್ಗೆ ಹಟ ಮಾಡಿ ಆಸ್ಪತ್ರೆಯಿಂದ ಲಾರ್ಕ್ ಬ್ಯಾಂಕ್‌ನ ತಮ್ಮ ಕೋಣೆಗೇ ವಾಪಸಾದರು, ಈಗ ಹಡಗುಕಟ್ಟೆ ಇದ್ದ ಕಡೆ ನೋಡಬೇಕೆಂದು ತೋಟದಲ್ಲಿ ನಡೆಯುತ್ತಿದ್ದಾರೆ ಎಂದು ಗೆಮ್ಮಾ ಹೇಳಿದಳು.

ಡೆನಿಸ್ ಗಾಬರಿಯಿಂದ ತಲೆಯೆತ್ತಿದಳು.

"ಅವರ ಕೈ ಯಾರು ಹಿಡ್ಕೊಂಡಿದಾರೆ?"

"ಬೆರಿಲ್ ಹೆಸ್ಲಪ್."

"ಬೇರೆ ಕೋಣೆಯವರು ಗಂಟೆ ಬಾರಿಸಿದ್ರೆ?"

"ಅದಕ್ಕೆ ಬೇರೆಯವರು ಇದಾರೆ," ಎಂದಳು ಗೆಮ್ಮಾ.

ಡೆನಿಸ್ ಮುಖ ಮುಚ್ಚಿಕೊಂಡಳು. ಥರ್ಲ್ ಧ್ವನಿಮುದ್ರಣ ನಿಲ್ಲಿಸಿ, ಅವಳಿಗೊಂದು ಲೋಟ ನೀರು ತರಿಸಿದರು.