ಕ್ಲಿಕ್‌ಗಿಂತ ಮುಂದೆ

ಮಹಾರಾಯ ಇವತ್ತು ಮೂತಿ ಊದಿಸಿಕೊಂಡೇ ಕೂತಿರುತ್ತಾನೆ ಎಂದು ಮೆಟ್ಟಿಲು ಹತ್ತುವಾಗಲೇ ಅವಳಿಗೆ ಗೊತ್ತಿತ್ತು. ಕೂತಿದ್ದ. ಮಹಡಿ ಮೇಲಿನ ತಾಲೀಮು ಕೋಣೆಯಲ್ಲಿ, ಗೋಡೆಗೆಲ್ಲ ಹಳೆಯ ಹಾಸಿಗೆ, ಕಂಬಳಿ ತೂಗುಹಾಕಿದ ಆ ಪುಟ್ಟ ಜಾಗದಲ್ಲಿ, ಡ್ರಮ್ಸ್ ಹಿಂದೆ ಕೂತು ಸ್ಟಿಕ್ ಒರೆಸುತ್ತಿದ್ದ.

"ಬನ್ನಿ" ಎಂದ. ಅಷ್ಟೇ.

ಗೆಳೆಯರು ಅವನನ್ನು ಮೌನಿ ಎಂದು ಕರೆಯುವುದು ಸುಮ್ಮನೆ ಅಲ್ಲ. ಬೀದಿಗೆಲ್ಲ ಕೇಳುವ ಹಾಗೆ ಬಾರಿಸುತ್ತಾನೆ, ಬಾಯಲ್ಲಿ ಮಾತ್ರ ಮಾತಿಗೆ ಬರಗಾಲ.

ಇವತ್ತಿನ ಮೌನಕ್ಕೆ ಕಾರಣ ಅವಳೇ. ಅವಳು ಸೌಂಡ್ ರೆಕಾರ್ಡಿಸ್ಟ್. ಹೋದ ವಾರ ಇದೇ ಕೋಣೆಯಲ್ಲಿ ಅವನ ಡ್ರಮ್ಸ್ ರೆಕಾರ್ಡ್ ಮಾಡಿಕೊಂಡು ಹೋಗಿ, ಬ್ಯಾಂಡಿನ ಗಾಯಕನಿಗೆ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದಳು: "ನಿಮ್ಮ ಡ್ರಮ್ಮರ್ ಕೈ ಓಡುತ್ತೆ. ಕಿವಿಯಲ್ಲಿ ತಾಳದ ಕ್ಲಿಕ್ ಟಿಕ್ ಟಿಕ್ ಅಂತಿದ್ರೂ ಅದನ್ನ ಬಿಟ್ಟು ಮುಂದೆ ಹೋಗ್ತಾರೆ."

ಗಾಯಕ ಅಲ್ಲೇ ತೀರ್ಮಾನ ಮಾಡಿದ. ಇವತ್ತೂ ಕೈ ಓಡಿದರೆ ಆಲ್ಬಮ್ಮಿಗೆ ಕಂಪ್ಯೂಟರ್ ಡ್ರಮ್ಸ್, ಮೌನಿಗೆ ಮನೆ ದಾರಿ. ಆ ಹಾಡುಗಳಿಗೆಲ್ಲ ತಾಳ ಕಟ್ಟಿದವನೇ ಅವನು! ತನ್ನ ಮಾತು ಇಷ್ಟು ದೂರ ಹೋಗುತ್ತದೆ ಎಂದು ಗೊತ್ತಿದ್ದರೆ ಅವಳು ನಾಲಿಗೆ ಕಚ್ಚಿಕೊಂಡು ಸುಮ್ಮನಿರುತ್ತಿದ್ದಳು. ಅದರ ಮೇಲೆ ಇನ್ನೊಂದು ಸಂಕಟ. ವಾರವಿಡೀ ಕಣ್ಣು ಮುಚ್ಚಿದರೆ ಸಾಕು, ಮೊಣಕೈವರೆಗೆ ಮಡಚಿದ ಆ ಅಂಗಿ, ಆ ಕೈಗಳು.

"ದಾರ ಹಿಡೀತೀರಾ?" ಎಂದಳು.

ಮೇಲೆ ತೂಗುವ ಎರಡು ಮೈಕುಗಳೂ ನಡುವಿನ ಸ್ನೇರ್ ಡ್ರಮ್ಮಿಗೆ ಒಂದೇ ದೂರದಲ್ಲಿರಬೇಕು. ಅವಳು ಅದನ್ನು ದಾರದಿಂದಲೇ ಅಳೆಯುತ್ತಾಳೆ. ಅವನು ದಾರದ ತುದಿಯನ್ನು ಬೆರಳಲ್ಲಿ ಸ್ನೇರ್ ಮೇಲೆ ಒತ್ತಿ ಹಿಡಿದ. ಎರಡನೇ ಮೈಕು ಎಟುಕಬೇಕಾದರೆ ಅವಳು ಅವನ ಭುಜದ ಮೇಲಿಂದ ಬಾಗಬೇಕಾಯಿತು. ಅವನು ಅವಳ ಕೈ ನೋಡಿದ, ಕಿವಿಯೋಲೆ ನೋಡಿದ, ಆಮೇಲೆ ಗಡಬಡಿಸಿ ಚಾವಣಿ ನೋಡಿದ.

"ಅಲ್ಲೇನಿದೆ?"

"ಫ್ಯಾನು."

"ತಿರುಗ್ತಾನೇ ಇಲ್ವಲ್ರೀ."

"ಇಲ್ಲ."

"ಮತ್ತೆ?"

ಅವನು ನಕ್ಕುಬಿಟ್ಟ. ಅಬ್ಬ, ಊದಿದ ಮೂತಿ ಅಂತೂ ಇಳಿಯಿತು.

ಅವಳು ಕೋಣೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಇಬ್ಬರ ಹೆಡ್‌ಫೋನಿನಲ್ಲೂ ಹಾಡು ಶುರುವಾಯಿತು. ಚೆನ್ನಾಗಿಯೇ ಹೋಗುತ್ತಿತ್ತು. ಪಲ್ಲವಿ ಮರಳಿ ಬರುವ ಹೊತ್ತಿಗೆ ಅದೇ ರಾಗ ಅದೇ ಹಾಡು, ಕೈ ಓಡಿತು. ಮತ್ತೊಮ್ಮೆ ಬಾರಿಸಿದ, ಮತ್ತೆ ಓಡಿತು. ಇವನನ್ನು ಬ್ಯಾಂಡಿನಿಂದ ತೆಗೆಸುವ ಮಾತು ಎರಡನೇ ಸಲವೂ ನನ್ನ ಬಾಯಿಂದಲೇ ಬರಬೇಕೇ?

ಅಷ್ಟರಲ್ಲಿ ಅವನ ಅಕ್ಕ ಕೊರಳಲ್ಲಿ ಟೇಪು, ಕೈಯಲ್ಲಿ ಚಹಾದ ಲೋಟ ಹಿಡಿದು ಮೇಲೆ ಬಂದರು. ಕೆಳಗೆ ಅವರದು ಟೈಲರಿಂಗ್.

"ಏನ್ರೀ ಇದು, ನೀವು ಬಂದ ದಿನಾನೇ ನನ್ನ ಹೊಲಿಗೆ ಸೊಟ್ಟ! ಇವನ ತಾಳಕ್ಕೇ ನಾನು ಮೆಷಿನ್ ತುಳಿಯೋದು. ದಿನಾ ನೇರ ಹೋಗತ್ತೆ. ಇವತ್ತು ನೋಡಿ, ಅಂಗಿ ತೋಳು ಎತ್ಲಾಗೋ ಹೊರಟಿದೆ."

"ಅಕ್ಕಾ, ನೀನು ಕೆಳಗೆ ಹೋಗು" ಎಂದ ಮೌನಿ. ಅವನ ಕಿವಿ ಕೆಂಪಾಗಿತ್ತು.

ಚಹಾ ಮುಗಿಸಿ ಅವಳು ಲ್ಯಾಪ್‌ಟಾಪನ್ನು ಹೊರಗೆ ಮೆಟ್ಟಿಲ ಮೇಲೆ ಇಟ್ಟಳು. ಅದರ ಗುಂಯ್‌ಗುಟ್ಟುವ ಸದ್ದು ಮೈಕಿಗೆ ಬರುತ್ತಿತ್ತು, ಅಷ್ಟೇ ಕಾರಣ. ವೈರನ್ನು ಬಾಗಿಲ ಅಡಿಯಿಂದ ಎಳೆದು, ಬಾಗಿಲು ಹಾಕಿ, "ಬಾರಿಸಿ" ಎಂದು ಕೂಗಿದಳು.

ಆಹಾ! ಒಂದೊಂದು ಪೆಟ್ಟೂ ಗೆರೆ ಎಳೆದ ಹಾಗೆ ಕ್ಲಿಕ್ಕಿನ ಮೇಲೇ ಬಿತ್ತು. ಮೊದಲಿಂದ ಕೊನೆತನಕ ಎಲ್ಲೂ ಅಲುಗಲಿಲ್ಲ. "ಸಿಕ್ತು ರೀ!" ಎಂದು ಒಳಗೆ ಓಡಿದಳು. ಹೆಚ್ಚಿಗೆ ಒಂದು ಇರಲಿ ಎಂದು ಇನ್ನೊಂದು ಟೇಕ್ ಬಾರಿಸಲು ಹೇಳಿ, ಹತ್ತಿರದಿಂದ ಕೇಳೋಣವೆಂದು ಅಲ್ಲೇ ಕೂತಳು. ಹೊರಗೆ ಹೋಗಿ ಪರದೆ ನೋಡಿದರೆ ಪಲ್ಲವಿಗೆ ಮುಂಚೆ ಓಟವೋ ಓಟ.

ಮೆಟ್ಟಿಲ ಮೇಲೆ ಕೂತು ಎರಡು ಟೇಕನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಅವಳೇನು ದಡ್ಡಿಯಲ್ಲ.

ಒಳಗೆ ಬಂದು ಅವನೆದುರು ನಿಂತಳು. "ನಾನು ಒಳಗಿದ್ರೆ ಮಾತ್ರ ಓಡುತ್ತೆ."

"ಛೆ ಛೆ, ಹಾಗೇನಿಲ್ಲ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಬಿಗಿಯಾಗಿಯೇ ಇದ್ದ ಸ್ಕ್ರೂ ಒಂದನ್ನು ಬಿಗಿ ಮಾಡತೊಡಗಿದ.

"ಅದು ಮುರಿಯುತ್ತೆ. ಬಿಡಿ. ಹೇಳಿ."

ಅವನು ಬಿಟ್ಟ. ಸ್ಟಿಕ್ ಪಕ್ಕಕ್ಕಿಟ್ಟ. ಆಮೇಲೆ ಅವಳನ್ನು ನೋಡಿದ.

"ಪಲ್ಲವಿ ಬಂದಾಗ ನೀವು ಕಣ್ಣು ಮುಚ್ಕೊಂಡು ನಗ್ತೀರಿ. ಸ್ವಲ್ಪಾನೇ. ನಿಮಗೆ ಗೊತ್ತಾಗಲ್ಲ. ಅದು ಬೇಗ ಬರ್ಲಿ ಅಂತ..."

"ಅಂತ?"

"ಕೈ ಓಡುತ್ತೆ."

ಅವಳು ಹಣೆ ಚಚ್ಚಿಕೊಂಡಳು. "ಮತ್ತೆ ಗಾಯಕರಿಗೆ ಹೇಳ್ಬಾರ್ದಿತ್ತಾ? ಕೆಲಸಾನೇ ಹೋಗ್ತಿತ್ತಲ್ರೀ!"

"ಏನಂತ ಹೇಳ್ಲಿ?"

ಸರಿಯಾಗಿ ಆಗಲೇ ಗಾಯಕನ ಫೋನ್ ಬಂತು. ಅವಳು ಸ್ಪೀಕರಿಗೆ ಹಾಕಿದಳು.

"ಏನಾಯ್ತು? ಕಂಪ್ಯೂಟರೇ ಗತಿನಾ?"

"ಬೇಡ. ಟೇಕ್ ಗಟ್ಟಿಯಾಗಿ ಸಿಕ್ಕಿದೆ, ಸಂಜೆ ಕಳಿಸ್ತೀನಿ. ಹೋದ ಸಲ ತಪ್ಪು ಅವರದ್ದಲ್ಲ. ನಾನೇ ಕೂರಬಾರದ ಕಡೆ ಕೂತಿದ್ದೆ."

"ಹಾಂ? ಮೈಕ್ ತೊಂದರೆನಾ?"

"ಹೂಂ, ಒಂಥರಾ ಹಾಗೇ."

ಫೋನ್ ಇಟ್ಟಳು. ಮೌನಿಯ ಮುಖದಲ್ಲಿ ಬದುಕಿದೆಯಾ ಬಡಜೀವವೇ ಎನ್ನುವ ಕಳೆ. ಅದರ ಹಿಂದೆಯೇ ಇನ್ನೊಂದು ಚಿಂತೆ.

"ಹಾಗಾದ್ರೆ ಇನ್ಮೇಲೆ ನೀವು ಒಳಗೆ ಬರಲ್ವಾ?"

"ರೆಕಾರ್ಡಿಂಗ್ ಇದ್ರೆ ಬರಲ್ಲ."

ಅವಳು ಹೊರಗೆ ಹೋಗಿ ಲ್ಯಾಪ್‌ಟಾಪ್ ಮುಚ್ಚಿದಳು. ಮೈಕುಗಳ ವೈರ್ ಕಳಚಿದಳು. ಒಂದು ಸ್ಟೂಲನ್ನು ದರದರನೆ ಎಳೆದು ತಂದು, ಡ್ರಮ್ಸ್ ಮುಂದೆ, ಅವನ ಕಣ್ಣಿಗೆ ಕಣ್ಣು ಸಿಗುವ ಹಾಗೆ ಹಾಕಿಕೊಂಡು ಕೂತಳು.

"ಈಗ ರೆಕಾರ್ಡಿಂಗ್ ಇಲ್ಲ. ಬಾರಿಸಿ."

"ಓಡುತ್ತೆ."

"ಓಡ್ಲಿ ಬಿಡಿ. ನಾನೂ ಈ ವಾರ ಪೂರ್ತಿ ಇವತ್ತು ಯಾವಾಗ ಬರುತ್ತೋ ಅಂತಾನೇ ಇದ್ದೆ."

ಅವನು ಸ್ಟಿಕ್ ಎತ್ತಿದ. ಅವಳು ಪಲ್ಲವಿಗೆ ಕಾಯಲಿಲ್ಲ. ಮೊದಲ ಪೆಟ್ಟಿಗೇ, ಕಣ್ಣು ತೆರೆದುಕೊಂಡೇ, ಬಾಯ್ತುಂಬ ನಕ್ಕಳು. ಅವನಿಗೆ ಓಡುವ ಅಗತ್ಯವೇ ಬೀಳಲಿಲ್ಲ.