ಅಯೋಡಿನ್ ಇಳಿದ ಮೇಲೆ

"ಥೈರಾಯ್ಡ್ ತೊಂದರೆ ಇದೆಯಾ?"

"ಇಲ್ಲ."

"ಮನೇಲಿ ಯಾರಿಗಾದ್ರೂ?"

"ನಮ್ಮ ಮನೇಲಿ ಇರೋದು ಅಮ್ಮ, ಹಂದಿ, ಕೋಳಿ. ಎಲ್ಲರೂ ಗಟ್ಟಿಮುಟ್ಟಾಗಿದಾರೆ ಮೇಡಂ."

ದಾರಿನ್ ನಗಲಿಲ್ಲ. ಸ್ಕ್ಯಾನಿಂಗ್ ಕೋಣೆಯಲ್ಲಿ ಅವಳು ನಗುವುದು ಅಪರೂಪ. ದಿನವಿಡೀ ಯಂತ್ರ ನಡೆಸಿ ಜನರ ಒಳಗನ್ನು ನೋಡುವವಳಿಗೆ ಹೊರಗಿನ ಮುಖಗಳು ಅಷ್ಟಾಗಿ ನೆನಪಿರುತ್ತಿರಲಿಲ್ಲ. ಖಮ್ಮೂನ್ ಎಂಬ ಈ ಮನುಷ್ಯ ಮಾತ್ರ ಹೊಟ್ಟೆ ಹಿಡಿದುಕೊಂಡು ಬೆವರುತ್ತಲೇ ತಮಾಷೆ ಮಾಡುತ್ತಿದ್ದ. ಉತ್ತರ ಥಾಯ್ಲೆಂಡಿನ ಬೆಟ್ಟದ ಮೇಲಿನ ಉಪ್ಪುಬಾವಿಗಳ ಊರಿನವನು. ಬಾವಿಯ ನೀರು ಕುದಿಸಿ ಉಪ್ಪು ತೆಗೆಯುವುದು ಅವನ ಕಸುಬು. ಕೊರಳಿಗೆ ಸುತ್ತಿದ ಚೌಕಳಿ ಬಟ್ಟೆಯನ್ನು ಬಿಚ್ಚಲು ಒಪ್ಪಲಿಲ್ಲ. ಅದು ಒಲೆಯ ಮುಂದೆ ಬೆವರು ಒರೆಸುವ ಬಟ್ಟೆಯಂತೆ, ಅದಿಲ್ಲದಿದ್ದರೆ ಬೆತ್ತಲೆ ನಿಂತ ಹಾಗಾಗುತ್ತದಂತೆ. ಹೊಟ್ಟೆಯ ಸ್ಕ್ಯಾನಿಗೆ ಕೊರಳ ಬಟ್ಟೆ ಏನು ಅಡ್ಡಿ ಎಂದು ಅವಳೂ ಬಿಟ್ಟುಬಿಟ್ಟಳು.

"ಈಗ ಅಯೋಡಿನ್ ಇರೋ ಔಷಧಿ ಒಳಗೆ ಬಿಡ್ತೀನಿ. ಚಿತ್ರ ಚೆನ್ನಾಗಿ ಬರೋದಕ್ಕೆ. ಮೈಯೆಲ್ಲ ಬಿಸಿಯಾಗತ್ತೆ. ಚಡ್ಡಿಯಲ್ಲೇ ಉಚ್ಚೆ ಹೋಯ್ತೇನೋ ಅನ್ಸತ್ತೆ. ಹೋಗಿರಲ್ಲ, ಹೆದರಬೇಡಿ."

"ಇದನ್ನ ಎಲ್ಲರಿಗೂ ಹೇಳ್ತೀರಾ, ನನಗೆ ಮಾತ್ರಾನಾ?"

"ಎಲ್ಲರಿಗೂ."

"ಛೆ," ಎಂದು ಅವನು ಕಣ್ಣು ಮುಚ್ಚಿಕೊಂಡ.

ಅಪೆಂಡಿಕ್ಸ್ ಊದಿಕೊಂಡಿತ್ತು. ಅಂದೇ ಆಪರೇಷನ್ ಆಯಿತು. ಅಲ್ಲಿಗೆ ಆ ಮುಖವೂ ಮರೆತುಹೋಗಬೇಕಿತ್ತು.

ಆದರೆ ಭಿಕ್ಷುಗಳು ವಿಹಾರ ಬಿಟ್ಟು ಹೊರಡದ ಮೂರು ತಿಂಗಳ ವರ್ಷಾವಾಸ ಶುರುವಾಗಿತ್ತು. ಆ ಮಳೆಯ ತಿಂಗಳುಗಳಲ್ಲಿ ಉಪ್ಪಿನ ಊರಿನವರು ಒಲೆ ಹೊತ್ತಿಸುವುದಿಲ್ಲ. ಕೈಗೆ ಕೆಲಸವಿಲ್ಲದ ಖಮ್ಮೂನ್ ಬೆಟ್ಟ ಇಳಿದು ಬಂದು ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ನಿಂತ.

"ಹೊಲಿಗೆ ಬಿಚ್ಚೋದು ಇಲ್ಲಲ್ಲ, ಮೇಲಿನ ವಾರ್ಡಿನಲ್ಲಿ," ಎಂದಳು ದಾರಿನ್.

"ಬಿಚ್ಚಿಸ್ಕೊಂಡೇ ಬಂದೆ. ಇದು ನಿಮಗೆ." ಬಾಳೆಲೆಯಲ್ಲಿ ಕಟ್ಟಿದ ಉಪ್ಪನ್ನು ಮುಂದಿಟ್ಟ.

"ಇದಕ್ಕೆ ಅಯೋಡಿನ್ ಹಾಕಿದ್ದೀರಾ?"

"ಮಾರೋ ಉಪ್ಪಿಗೆ ಹಾಕ್ತೀವಿ, ಸರ್ಕಾರದವರು ಬಂದು ನೋಡ್ತಾರಲ್ಲ. ಮನೆಗೆ ಯಾಕೆ ಅದೆಲ್ಲ? ಇದು ಮನೆ ಉಪ್ಪು, ಮೇಡಂ. ಪೇಟೇಲಿ ಸಿಗಲ್ಲ."

ಅಲ್ಲೇ ಅವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅವಳು ಅವನ ಕೈ ನೋಡುತ್ತಿದ್ದಳು. ಉಪ್ಪು ತಿಂದು ಬಿರುಕುಬಿಟ್ಟ ಬೆರಳುಗಳು. ಬಾಳೆಲೆಯ ಗಂಟನ್ನು ಮಾತ್ರ ಎಷ್ಟು ನಾಜೂಕಾಗಿ ಕಟ್ಟಿದ್ದವು.

ಅವನು ಆಮೇಲೂ ಬಂದ. ಒಮ್ಮೆ ಗಾಯ ಕೆರೆಯುತ್ತಿದೆ ಎಂದು, ಒಮ್ಮೆ ಗಾಯ ಕೆರೆಯುತ್ತಿಲ್ಲ ಎಂದು.

"ಉಪ್ಪಿನವನು ಬಂದಿದಾನೆ, ಸಾರಿಗೆ ಕಡಿಮೆಯಾಗಿದ್ರೆ ಹೋಗಿ ನೋಡು," ಎಂದು ನರ್ಸ್ ಕನ್ನಿಕಾ ಕಿಚಾಯಿಸುತ್ತಿದ್ದಳು. ದಾರಿನ್ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಬೆಟ್ಟದ ಬಸ್ಸು ಬರುವ ಹೊತ್ತಿಗೆ ಅವಳ ಕೂದಲು ಹೊಸದಾಗಿ ಬಾಚಿರುತ್ತಿತ್ತು.

ವರ್ಷಾವಾಸ ಅರ್ಧ ಕಳೆದಿರಬೇಕು. ಕ್ಯಾಂಟೀನಿನಲ್ಲಿ ಇಬ್ಬರೂ ನೂಡಲ್ಸ್ ಮುಂದಿಟ್ಟುಕೊಂಡು ಕೂತಿದ್ದರು. ಅವನು ತಿನ್ನಲಿಲ್ಲ.

"ಒಂದು ಮಾತು ಹೇಳ್ಬೇಕು. ನಗಬಾರದು."

"ನಾನು ನಗೋದನ್ನ ನೋಡಿದೀರಾ?"

"ನಿಮ್ಮನ್ನ ನೋಡಿ ಹೋದ್ಮೇಲೆ ಎದೆ ಓಡ್ತಾನೇ ಇದೆ. ನಿದ್ದೆ ಬರಲ್ಲ. ಎಷ್ಟು ತಿಂದ್ರೂ ಮೈಗೆ ಹತ್ತಲ್ಲ, ಪ್ಯಾಂಟು ಜಾರ್ತಿದೆ. ಕೈ ನೋಡಿ, ಹೇಗೆ ನಡುಗ್ತಿದೆ. ಅಮ್ಮ ಹೇಳ್ತಾಳೆ, ಹೋಗಿ ಆ ಹುಡುಗಿಗೆ ಹೇಳ್ಬಿಡು, ಇಲ್ಲಾಂದ್ರೆ ಸತ್ತೇಹೋಗ್ತೀಯ ಅಂತ."

ದಾರಿನ್‌ಗೆ ಖುಷಿಯಾಯಿತು. ಸುಳ್ಳೇಕೆ ಹೇಳಬೇಕು, ಈ ಮಾತಿಗಾಗಿ ಅವಳು ಕಾಯುತ್ತಲೇ ಇದ್ದಳು. ಆ ಖುಷಿಯಲ್ಲೇ ಅವನು ಚಾಚಿದ ಕೈಯನ್ನು ನೋಡಿದಳು. ಸಣ್ಣ ನಡುಕ, ನಿಲ್ಲದ ನಡುಕ. ಚಮಚ ಬಟ್ಟಲಿಗೆ ತಾಗಿ ಟಿಣಿಟಿಣಿ ಎನ್ನುತ್ತಿತ್ತು. ಮಳೆಯ ತಂಪಿನಲ್ಲೂ ಅವನ ಹಣೆ ಒದ್ದೆಯಾಗಿತ್ತು. ಅವಳ ಖುಷಿ ಅಲ್ಲೇ ನಿಂತುಹೋಯಿತು.

"ಆ ಬಟ್ಟೆ ಬಿಚ್ಚಿ."

"ಇಲ್ಲೇನಾ? ಜನ ಇದಾರೆ, ಮೇಡಂ."

"ಕೊರಳಿಂದು."

ಅವನು ಬಿಚ್ಚಿದ. ಗಂಟಲಿನ ಬುಡದಲ್ಲಿ ನೆಲ್ಲಿಕಾಯಿಯಷ್ಟು ಗಂಟು. ಅವನು ಎಂಜಲು ನುಂಗಿದಾಗ ಅದೂ ಮೇಲೇರಿ ಇಳಿಯಿತು.

"ಥೈರಾಯ್ಡ್ ತೊಂದರೆ ಇಲ್ಲ ಅಂದಿದ್ರಿ."

"ಇದು ತೊಂದರೆನಾ? ನಮ್ಮಜ್ಜಿಗೆ ಇದರ ಎರಡರಷ್ಟಿತ್ತು. ನಮ್ಮೂರಲ್ಲಿ ಇದು ಬರೀ ಕುತ್ತಿಗೆ, ಮೇಡಂ. ಇದಿಲ್ಲದವರನ್ನ ಕೋಳಿಕುತ್ತಿಗೆ ಅಂತ ಆಡ್ಕೊಳ್ತೀವಿ."

ಅವಳು ಅವನನ್ನು ಎಬ್ಬಿಸಿ ನೇರ ಡಾಕ್ಟರ ಬಳಿ ಕರೆದುಕೊಂಡು ಹೋದಳು. ರಕ್ತ ಪರೀಕ್ಷೆ ಅವಳ ಅನುಮಾನವನ್ನೇ ಹೇಳಿತು. ಅಯೋಡಿನ್ ಇಲ್ಲದ ಮನೆಯ ಉಪ್ಪು ತಿಂದು ಬೆಳೆದ ಆ ಥೈರಾಯ್ಡ್ ಗಂಟು ಹುಟ್ಟಿದಾಗಿನಿಂದ ಅಯೋಡಿನ್‌ಗಾಗಿ ಹಸಿದಿತ್ತು. ಸ್ಕ್ಯಾನಿನ ದಿನ ಒಮ್ಮೆಲೇ ಅಷ್ಟು ಅಯೋಡಿನ್ ಸಿಕ್ಕಿದ್ದೇ ತಡ, ತಲೆಕೆಟ್ಟು ದುಡಿಯತೊಡಗಿತ್ತು. ಗೊತ್ತಿದ್ದರೂ ಆವತ್ತು ಸ್ಕ್ಯಾನ್ ಮಾಡಲೇಬೇಕಿತ್ತು, ಆದರೆ ಆಮೇಲೆ ಇವನ ಮೇಲೆ ಕಣ್ಣಿಡುತ್ತಿದ್ದೆವು ಎಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟರು. ಅಯೋಡಿನ್ ಇಳಿದ ಹಾಗೆ ಎಲ್ಲ ತಾನಾಗಿ ಇಳಿಯುತ್ತದೆ ಎಂದರು.

ಎಲ್ಲ ಎಂದರೆ ಏನೇನು ಎಂದು ದಾರಿನ್ ಕೇಳಲಿಲ್ಲ.

ಹೊರಗೆ ಬೆಂಚಿನ ಮೇಲೆ ಅವನಿಗೆ ತಾನೇ ಹೇಳಿದಳು. "ನಿಮ್ಮ ಕುತ್ತಿಗೇನ ನಾನು ಆವತ್ತೇ ನೋಡ್ಬೇಕಿತ್ತು. ತಪ್ಪು ನಂದು. ಇನ್ನೊಂದು ವಿಷಯ. ಎದೆ ಓಡೋದು, ನಿದ್ದೆ ಬರದೆ ಇರೋದು, ಅದು ನನ್ನಿಂದಲ್ಲ. ಅಯೋಡಿನ್‌ನಿಂದ."

ಅವನು ಬಿಚ್ಚಿದ ಬಟ್ಟೆಯನ್ನು ಮಡಿಸಿದ, ಮತ್ತೆ ಬಿಡಿಸಿದ.

"ಪೂರ್ತಿನಾ?"

"ಗೊತ್ತಿಲ್ಲ. ಮಾತ್ರೆ ತಗೊಳ್ಳಿ. ಎದೆ ಸುಮ್ಮನಾದ್ಮೇಲೆ ಏನು ಉಳಿಯತ್ತೋ ನೋಡೋಣ. ಅಲ್ಲೀವರೆಗೂ ಡಾಕ್ಟರ ಹತ್ರ ಬನ್ನಿ, ನನ್ನ ಹತ್ರ ಬರಬೇಡಿ."

"ಏನೂ ಉಳೀಲಿಲ್ಲ ಅಂದ್ರೆ?"

"ಗುಣ ಆಯ್ತು ಅಂತ ಅರ್ಥ."

ಇದನ್ನು ಅವಳು ಯಾವುದೋ ರಿಪೋರ್ಟು ಓದುವ ದನಿಯಲ್ಲೇ ಹೇಳಿದಳು. ಮನೆಗೆ ಹೋಗಿ ಹಸಿಮೆಣಸಿನ ಚಟ್ನಿಗೆ ಅವನ ಉಪ್ಪು ಹಾಕಿ, ಅನ್ನದ ಉಂಡೆ ಅದ್ದಿಕೊಂಡು ಅತ್ತಳು. ಖಾರ ಜಾಸ್ತಿಯಾಗಿತ್ತು ಎಂದುಕೊಳ್ಳಲು ಅನುಕೂಲವಾಯಿತು.

ಅವನು ಮಾತು ಉಳಿಸಿಕೊಂಡ. ಡಾಕ್ಟರ ಬಳಿ ಬರುತ್ತಿದ್ದ, ಅವಳ ಬಾಗಿಲಿಗೆ ಬರುತ್ತಿರಲಿಲ್ಲ. ಕಾರಿಡಾರಿನ ಆ ತುದಿಯಲ್ಲಿ ಒಮ್ಮೆ ಕಂಡ. ಮೈ ತುಂಬಿಕೊಂಡಿದ್ದ, ಕೈ ಮುಗಿದು ಹೊರಟುಹೋದ. ಅಷ್ಟು ಸಮಾಧಾನವಾಗಿ ಕೈ ಮುಗಿದನಲ್ಲ ಎಂದು ಅವಳಿಗೆ ಸಂಕಟವಾಯಿತು.

"ಉಪ್ಪಿನವನ ನಾಡಿ ಸರಿಹೋಯ್ತಂತೆ. ನಿದ್ದೇನೂ ಬರ್ತಿದೆಯಂತೆ," ಎಂದಳು ಕನ್ನಿಕಾ.

"ಒಳ್ಳೇದಾಯ್ತು."

"ಮುಖ ನೋಡಿದ್ರೆ ಹಾಗನ್ಸಲ್ಲಮ್ಮ."

ಆಸ್ಪತ್ರೆಯವರು ಬಯಸಬಾರದ್ದನ್ನು ಅವಳು ಬಯಸಿದ್ದಳು. ಮಾತ್ರೆ ಇನ್ನಷ್ಟು ನಿಧಾನವಾಗಿ ಕೆಲಸ ಮಾಡಲಿ ಎಂದು.

ವರ್ಷಾವಾಸ ಮುಗಿಯಿತು. ಇನ್ನು ಬಾವಿಯ ದೇವತೆಗೆ ಕೋಳಿ ಕೊಟ್ಟು ಒಲೆ ಹೊತ್ತಿಸುತ್ತಾರೆ. ಒಮ್ಮೆ ಹೊತ್ತಿಸಿದರೆ ಮುಂದಿನ ಮಳೆಗಾಲದವರೆಗೂ ಉಪ್ಪಿನವರು ಬೆಟ್ಟ ಇಳಿಯುವುದು ಕಡಿಮೆ. ಬರುವವನಾಗಿದ್ದರೆ ಇಷ್ಟರಲ್ಲಿ ಬರುತ್ತಿದ್ದ ಎಂದು ಅವಳು ಲೆಕ್ಕ ಮುಗಿಸಿಕೊಂಡಳು.

ಮಧ್ಯಾಹ್ನ ಕೋಣೆ ಖಾಲಿಯಿದ್ದಾಗ ಖಮ್ಮೂನ್ ಬಾಗಿಲಲ್ಲಿ ನಿಂತಿದ್ದ. ಕೊರಳಲ್ಲಿ ಬಟ್ಟೆ ಇರಲಿಲ್ಲ.

"ನೋಡಿ," ಎಂದು ಎರಡೂ ಕೈ ಮುಂದೆ ಚಾಚಿದ. ನಡುಕವಿಲ್ಲ.

ದಾರಿನ್ ಎದ್ದು ಬಂದು ಅವನ ಮಣಿಕಟ್ಟು ಹಿಡಿದಳು. ಅವಳ ಕೆಲಸವಲ್ಲ ಅದು, ಆದರೂ ಹಿಡಿದಳು. ನಾಡಿ ಒಂದೇ ಹದದಲ್ಲಿ, ನಿಧಾನವಾಗಿ ಹೊಡೆಯುತ್ತಿತ್ತು. ಇಷ್ಟು ಹತ್ತಿರ ನಿಂತರೂ ಅದಕ್ಕೆ ಏನೂ ಆಗಲಿಲ್ಲ.

"ಗುಣ ಆಗಿದೆ," ಎಂದಳು.

"ಹೌದು. ರಾತ್ರಿ ಕಂಬಳಿ ಹೊದ್ರೆ ಬೆಳಗ್ಗೇನೇ ಎಚ್ಚರ. ಹೊಟ್ಟೆತುಂಬ ಉಣ್ತೀನಿ. ಎದೆ ಓಡಲ್ಲ, ಕೈ ನಡುಗಲ್ಲ." ಅವನು ಸ್ವಲ್ಪ ತಡೆದ. "ಎಲ್ಲ ಇಳೀತು, ಮೇಡಂ. ನೀವೊಬ್ರೇ ಇಳೀಲಿಲ್ಲ. ಅದನ್ನ ಹೇಳಿಹೋಗೋಣ ಅಂತ ಬಂದೆ."

ಅವಳು ಮಣಿಕಟ್ಟು ಬಿಡಲಿಲ್ಲ. ಅವನು ಬೆರಳು ತಿರುಗಿಸಿ ಅವಳ ಮಣಿಕಟ್ಟನ್ನೇ ಹಿಡಿದ. ಡಾಕ್ಟರರಂತೆ ಹುಬ್ಬುಗಂಟಿಕ್ಕಿ ಒಂದು ಗಳಿಗೆ ನೋಡಿದ.

"ನಿಮ್ದು ಜೋರಾಗಿ ಓಡ್ತಿದೆಯಲ್ಲ. ನಿಮಗೆ ಯಾರು ಅಯೋಡಿನ್ ಚುಚ್ಚಿದ್ರು?"

ದಾರಿನ್ ನಕ್ಕಳು. ಸ್ಕ್ಯಾನಿಂಗ್ ಕೋಣೆಯಲ್ಲೇ.

"ಒಲೆ ಯಾವಾಗ ಹೊತ್ತಿಸ್ತೀರಿ?"

"ನಾಡಿದ್ದು."

"ರಜೆ ಹಾಕ್ತೀನಿ. ಮನೆ ಉಪ್ಪಿಗೂ ಅಯೋಡಿನ್ ಬೆರೆಸ್ಬೇಕು ಅಂತ ನಿಮ್ಮಮ್ಮಂಗೆ ನಾನೇ ಬಂದು ಹೇಳ್ತೀನಿ. ಬೈದ್ರೆ ನೀನು ನನ್ನ ಕಡೆ ನಿಲ್ಬೇಕು."