ಅಕ್ಕನ ಕೇದಿಗೆ

"ಇದಕ್ಕೇನಾದ್ರೂ ಆದ್ರೆ ನಾನು ಮನುಷ್ಯನಾಗಿರಲ್ಲ, ಈಗಲೇ ಹೇಳ್ಬಿಟ್ಟಿದ್ದೀನಿ."

ಮಾತಿನ ಜೊತೆಗೇ ಒಂದು ದೊಡ್ಡ ಕುಂಡವೂ ಅವಳ ಮೇಜಿನ ಮೇಲೆ ದೊಪ್ಪೆಂದು ಕುಳಿತಿತು. ಕುಂಡದ ಹಿಂದೆ ಒಬ್ಬ ಗಂಡಸು. ಅವನ ಎರಡೂ ತೋಳುಗಳ ತುಂಬ ಗೀರು, ಒಂದೆರಡು ಕಡೆ ರಕ್ತ.

ಹೆದರಿಸಲು ಬಂದವನು ತಾನೇ ಗಾಯ ಮಾಡಿಕೊಂಡು ಬಂದಿದ್ದಾನಲ್ಲ... ಅವಳಿಗೆ ನಗು ಬಂತು. ನುಂಗಿಕೊಂಡಳು.

"ಮೊದಲು ಕೈ ತೊಳ್ಕೊಳ್ಳಿ, ನಲ್ಲಿ ಆ ಕಡೆ ಇದೆ. ಕೇದಿಗೇನ ಯಾರಾದ್ರೂ ಮಗು ಥರ ತಬ್ಕೊಂಡು ಬರ್ತಾರಾ?"

"ಬಸ್ಸಲ್ಲಿ ಇನ್ಹೇಗ್ರೀ ತರೋದು?"

ಜನ ಪ್ರವಾಸ ಹೋಗುವಾಗ, ಮನೆ ಬದಲಿಸುವಾಗ ತಮ್ಮ ಗಿಡಗಳನ್ನು ನೋಡಿಕೊಳ್ಳಲು ಬಿಟ್ಟುಹೋಗುವ ಜಾಗ ಅದು. ಮೇಲೆ ಹಸಿರು ಬಲೆಯ ಚಪ್ಪರ, ಕೆಳಗೆ ಸಾಲು ಸಾಲು ಕುಂಡಗಳು, ಮೂಲೆಯಲ್ಲಿ ಯಾವಾಗಲೂ ತೊಟ್ಟಿಕ್ಕುವ ಒಂದು ನಲ್ಲಿ. ನೀರು, ಬಿಸಿಲು, ಗೊಬ್ಬರ ಎಲ್ಲವೂ ಅವಳ ಪಾಲಿನ ಕೆಲಸ.

ಅವನು ತಂದದ್ದು ಮನೆಯೊಳಗೆ ಬೆಳೆಸುವ ಜಾತಿಯ ಕೇದಿಗೆ. ಉದ್ದುದ್ದ ಎಲೆ, ಎಲೆಗೆ ಬಿಳಿ ಅಂಚು, ಅಂಚಿನುದ್ದಕ್ಕೂ ಗರಗಸದಂತೆ ಸಣ್ಣ ಮುಳ್ಳು. ಎಲೆಗಳು ಕಾಂಡವನ್ನು ಸುತ್ತುತ್ತ ಸುತ್ತುತ್ತ ಮೇಲೇರಿದ್ದವು. ಬುಡದಲ್ಲಿ ಮೂರ್ನಾಲ್ಕು ಬೇರುಗಳು ಊರುಗೋಲಿನ ಹಾಗೆ ಗಾಳಿಯಲ್ಲಿ ಇಳಿದು ಮಣ್ಣು ಹಿಡಿದಿದ್ದವು.

"ಅಕ್ಕನದು," ಎಂದ ಅವನು, ಕೈ ಒರೆಸಿಕೊಳ್ಳುತ್ತ. ದನಿ ಇಳಿದಿತ್ತು. "ಆಸ್ಪತ್ರೇಲಿದ್ದಾಳೆ. ನಾನು ಬೆಳಗ್ಗೆ ಲೇತ್ ಮೆಷಿನ್ ಮುಂದೆ, ಸಂಜೆ ಅವಳ ಹಾಸಿಗೆ ಮುಂದೆ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನೂ ಇದನ್ನೂ ಸಾಕಿದ್ದು ಅವಳೇ. ಇದು ಹೇಳಿದ ಮಾತು ಕೇಳ್ತಿತ್ತು, ಅಷ್ಟೇ ವ್ಯತ್ಯಾಸ."

ಈ ಸಲ ಅವಳು ನಗು ನುಂಗಿಕೊಳ್ಳಲಿಲ್ಲ.

"ನೀರು ಬುಡಕ್ಕೆ ಮಾತ್ರ ಹಾಕ್ಬೇಕಂತೆ. ನಡುವಿನ ಸುಳಿಗೆ ಬೀಳಬಾರದಂತೆ. ಅಕ್ಕ ಹತ್ತು ಸಲ ಹೇಳಿ ಕಳಿಸಿದ್ದಾಳೆ."

"ಗೊತ್ತು. ನಿಶ್ಚಿಂತೆಯಿಂದ ಹೋಗಿ."

ಗೊತ್ತಿತ್ತು. ಗೊತ್ತಿದ್ದೂ ಮಾಡಿದಳು.

ಮನೆಗೆ ಹೊರಡುವ ಆತುರದಲ್ಲಿ ಒಂದು ಸಂಜೆ ಪೈಪು ಹಿಡಿದು ಎಲ್ಲ ಸಾಲಿಗೂ ಮೇಲಿಂದಲೇ ಚಿಮ್ಮಿಸಿಬಿಟ್ಟಳು. ಅಂದಿನಿಂದ ಥಂಡಿ ಹಿಡಿಯಿತು, ಬಿಸಿಲೇ ಬರಲಿಲ್ಲ. ಕೇದಿಗೆಯ ಸುಳಿಯಲ್ಲಿ ನಿಂತ ನೀರು ಅಲ್ಲೇ ಉಳಿಯಿತು. ನಡುವಿನ ಎಲೆ ಹಳದಿಯಾದದ್ದನ್ನು ಅವಳು ನೋಡಿದ್ದು ತಡವಾಗಿ. ಮೆಲ್ಲಗೆ ಎಳೆದಳು. ಸುಳಿ ಪೂರ್ತಿ ಕೈಗೇ ಬಂತು, ಜೊತೆಗೆ ಕೊಳೆತ ವಾಸನೆ.

ಅವಳು ಅಳುತ್ತ ನಿಂತಿದ್ದಾಗ ಯಜಮಾನಿ ಬಂದು ನೋಡಿದಳು. ಚಪ್ಪರ, ಕುಂಡ, ನಲ್ಲಿ ಎಲ್ಲ ಆಕೆಯದೇ. ಕಣ್ಣೀರು ಮಾತ್ರ ಆಕೆಗೆ ಆಗದ ವಸ್ತು.

"ಅಳೋ ಅಂಥದ್ದೇನಾಯ್ತೇ? ಹಿಂದಿನ ಸಾಲಲ್ಲಿ ಇದರ ಅವಳಿ ಇದೆಯಲ್ಲ. ಅದನ್ನ ಇದೇ ಕುಂಡಕ್ಕೆ ಹಾಕು. ಗಿರಾಕಿ ಒಂದು ಗಿಡ ಕೊಟ್ಟ, ಒಂದು ಗಿಡ ವಾಪಸ್ ತಗೊಂಡ. ಯಾವಾಗಲೂ ಮಾಡೋದೇ ತಾನೇ?"

"ಆದ್ರೆ ಇದು..."

"ಇದಕ್ಕೇನು ಕೊಂಬು ಬಂದಿದ್ಯಾ?"

ನಿಜ, ಎಷ್ಟೋ ಗಿಡಗಳನ್ನು ಅವಳು ಹಾಗೆ ಬದಲಿಸಿದ್ದಳು. ಒಬ್ಬ ಗಿರಾಕಿಗೂ ಗೊತ್ತಾಗಿರಲಿಲ್ಲ. ಅದೇ ಎತ್ತರದ, ಅದೇ ಬಿಳಿ ಅಂಚಿನ ಕೇದಿಗೆಯನ್ನು ಅಕ್ಕನ ಕುಂಡದಲ್ಲಿ ನೆಟ್ಟಳು. ಸತ್ತದ್ದನ್ನು ಹಿತ್ತಲಿನ ಗೊಬ್ಬರದ ಗುಂಡಿಗೆ ಎಸೆದಳು.

ಭಾನುವಾರ ಅವನು ಬಂದ. ಕುಂಡದ ಮುಂದೆ ನಿಂತ. ಸುತ್ತ ಒಂದು ಬಾರಿ ನಡೆದ. ಮೇಲಿಂದ ಬಗ್ಗಿ ನೋಡಿದ, ಬೆರಳಿನಿಂದ ಗಾಳಿಯಲ್ಲಿ ಏನೋ ಸುತ್ತಿದ.

"ಗಿಡ ಹೇಗಿದೆ?"

"ಚೆನ್ನಾಗಿದೆ."

"ಏನೂ ಆಗಿಲ್ವಾ?"

"ಏನೂ ಆಗಿಲ್ಲ."

ಅವನು ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. "ಸರಿ," ಎಂದ. ಹೊರಟುಹೋದ.

ಸದ್ಯ ಬದುಕಿಕೊಂಡೆ ಅಂದುಕೊಂಡಳು ಪಾಪ.

ಮುಂದಿನ ಭಾನುವಾರ ಬಂದವನು ತೊಟ್ಟಿಕ್ಕುವ ನಲ್ಲಿ ಬಿಚ್ಚಿ ಹೊಸ ವಾಷರ್ ಹಾಕಿದ. ಅದರ ಮುಂದಿನ ವಾರ ಕುಂಡಕ್ಕೆ ಕಬ್ಬಿಣದ ಸ್ಟ್ಯಾಂಡು ಮಾಡಿಕೊಂಡು ಬಂದ. ಎಲೆ ಒರೆಸುವಾಗ ಅವಳ ಕೈ ಗೀರಿಹೋಗುವುದನ್ನು ನೋಡಿ, ವೆಲ್ಡಿಂಗ್‌ನವರು ಹಾಕುವ ಮೊಣಕೈವರೆಗಿನ ಚರ್ಮದ ಗ್ಲೌಸು ತಂದುಕೊಟ್ಟ.

"ಇದು ನಂಗೆ ಎರಡು ಸೈಜ್ ದೊಡ್ಡದು," ಎಂದಳು.

"ಕೈ ಬೆಳೆಸ್ಕೊಳ್ಳಿ. ಗಿಡ ಬೆಳೆಸೋರಿಗೆ ಅದೇನು ಕಷ್ಟ?"

ಯಜಮಾನಿ ಮೂಗು ಮುರಿದಳು. "ಬಂದ ನೋಡು ನಿನ್ನ ಲೇತ್ ಮಹಾಶಯ. ಗಿಡ ನೋಡೋಕೆ ಇಷ್ಟು ಹೊತ್ತು ಬೇಕಾ?"

ಬೇಡವಾಗಿತ್ತು. ಇಬ್ಬರಿಗೂ ಗೊತ್ತಿತ್ತು. ವಾರವೆಲ್ಲ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಭಾನುವಾರಕ್ಕೆ ಕಾಯುತ್ತಿದ್ದಳು. ಅವನು ಅಕ್ಕನ ಕಥೆ ಹೇಳುತ್ತಿದ್ದ, ಅವಳು ಗಿರಾಕಿಗಳ ಕಥೆ ಹೇಳುತ್ತಿದ್ದಳು. ಹೊರಡುವಾಗ ಮಾತ್ರ ಪ್ರತಿ ಸಲವೂ ಬಾಗಿಲಲ್ಲಿ ತಿರುಗಿ ಅದೇ ಪ್ರಶ್ನೆ.

"ಗಿಡ ಹೇಗಿದೆ? ಏನೂ ಆಗಿಲ್ವಾ?"

"ಏನೂ ಆಗಿಲ್ಲ."

ಮೊದಮೊದಲು ಆ ಪ್ರಶ್ನೆ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಬರಬರುತ್ತ ಅದು ಅವಳಿಗೆ ಇಷ್ಟವಾಗತೊಡಗಿತು. ಬೇರೇನೋ ಕೇಳಬೇಕೆಂದಿದ್ದಾನೆ, ನಾಲಿಗೆ ಹೊರಳದೆ ಗಿಡದ ಬಗ್ಗೆ ಕೇಳುತ್ತಿದ್ದಾನೆ ಅಂದುಕೊಂಡಳು. ಆಮೇಲಾಮೇಲೆ ನಗುತ್ತಲೇ ಉತ್ತರ ಕೊಡುತ್ತಿದ್ದಳು. ಅವಳು ನಕ್ಕಾಗ ಅವನ ಮುಖ ಯಾಕೆ ಬಾಡುತ್ತದೆ ಎಂದು ಒಮ್ಮೆಯೂ ಯೋಚಿಸಲಿಲ್ಲ.

ಒಂದು ದಿನ ಅವನು ವಾರದ ನಡುವೆ ಬಂದ. ಗಡ್ಡ ಬೆಳೆದಿತ್ತು. ಕುಂಡದ ಪಕ್ಕದಲ್ಲಿ ನೆಲದ ಮೇಲೇ ಕುಳಿತುಬಿಟ್ಟ.

"ಅಕ್ಕ ಹೋದ್ಲು."

ಅವಳು ಪಕ್ಕದಲ್ಲಿ ಕುಳಿತು ಅವನ ಭುಜದ ಮೇಲೆ ಕೈ ಇಟ್ಟಳು. ಮೊದಲ ಬಾರಿ ಅವನನ್ನು ಮುಟ್ಟಿದ್ದು ಅದು.

"ಕೊನೇವರೆಗೂ ಇದನ್ನೇ ಕೇಳ್ತಿದ್ಲು," ಎಂದ. ಆಮೇಲೆ ಅವಳ ಕಡೆ ತಿರುಗಿದ. "ಇವತ್ತಾದ್ರೂ ಹೇಳಿ. ಗಿಡ ಹೇಗಿದೆ? ಏನೂ ಆಗಿಲ್ವಾ?"

ಹೇಳಿಬಿಡಲೇ? ತುಟಿಯವರೆಗೆ ಬಂತು. ಆದರೆ ಈ ಸ್ಥಿತಿಯಲ್ಲಿ ಇವನಿಗೆ ಇದನ್ನು ಹೇಗೆ ಹೇಳುವುದು... ಅವನಿಗೆ ನೋವಾಗುತ್ತದೆ ಅಂದುಕೊಂಡಳು. ತನ್ನನ್ನು ಬಿಟ್ಟುಹೋಗುತ್ತಾನೆಂಬ ಭಯವನ್ನು ಮಾತ್ರ ತನಗೂ ಹೇಳಿಕೊಳ್ಳಲಿಲ್ಲ.

"ಏನೂ ಆಗಿಲ್ಲ. ನಿಮ್ಮಕ್ಕ ಎಲ್ಲೂ ಹೋಗಿಲ್ಲ ಅಂದ್ಕೊಳ್ಳಿ. ಈ ಗಿಡದಲ್ಲೇ ಇದ್ದಾರೆ."

ಅವನು ಭುಜದ ಮೇಲಿದ್ದ ಅವಳ ಕೈಯನ್ನು ನಿಧಾನವಾಗಿ ಎತ್ತಿ ಅವಳ ಮಡಿಲಲ್ಲೇ ಇಟ್ಟ. ಎದ್ದು ಹೋದ. ಬಾಗಿಲಲ್ಲಿ ತಿರುಗಿ ನೋಡಲಿಲ್ಲ.

ಆ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

"ಕುಂಡ ಬಿಟ್ಟೇ ಹೋದ್ನಾ? ಒಳ್ಳೇದೇ ಆಯ್ತು, ಮಾರಿಬಿಡೋಣ," ಎಂದಳು ಯಜಮಾನಿ.

ಅವಳಿಗೆ ಊಟ ಸೇರಲಿಲ್ಲ. ದುಃಖದಲ್ಲಿದ್ದಾನೆ, ಬರುತ್ತಾನೆ ಎಂದು ಸಮಾಧಾನ ಹೇಳಿಕೊಂಡಳು. ಎಲೆ ಒರೆಸುತ್ತಿದ್ದಾಗ ಒಂದು ಬೆಳಗ್ಗೆ ಬೇರೊಂದು ಯೋಚನೆ ಬಂತು. ಅವನೆಲ್ಲೋ ಒಬ್ಬನೇ ಕೂತು, ಅಕ್ಕ ಆ ಗಿಡದಲ್ಲಿದ್ದಾಳೆ ಎಂದು ನಿಜವಾಗಿಯೂ ನಂಬಿಕೊಂಡಿದ್ದರೆ? ನಾನು ಹಿಂದಿನ ಸಾಲಿನಿಂದ ಎತ್ತಿಟ್ಟ ಈ ಗಿಡದಲ್ಲಿ?

ಅವಳಿಂದ ತಡೆಯಲಾಗಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಅವನು ಬರೆಸಿದ್ದ ವಿಳಾಸ ನೋಡಿಕೊಂಡು, ಕುಂಡವನ್ನು ತಬ್ಬಿಕೊಂಡು ಬಸ್ಸು ಹತ್ತಿದಳು.

ಅವನ ವರ್ಕ್‌ಶಾಪು ಒಂದು ಉದ್ದನೆಯ ತಗಡಿನ ಶೆಡ್ಡು. ಊಟದ ಹೊತ್ತು, ಮೆಷಿನ್‌ಗಳು ನಿಂತಿದ್ದವು. ಅವನು ಒಬ್ಬನೇ ಲೇತ್ ಒರೆಸುತ್ತಿದ್ದ. ಅವಳ ತೋಳುಗಳ ಗೀರು ನೋಡಿ ಬಟ್ಟೆ ಕೆಳಗಿಟ್ಟ.

"ಗ್ಲೌಸ್ ಎಲ್ಲಿ?"

"ಹಾಕ್ಕೊಳ್ಳೋ ಯೋಗ್ಯತೆ ನಂಗಿಲ್ಲ." ಕುಂಡ ಇಳಿಸಿದಳು. "ಇದು ನಿಮ್ಮಕ್ಕನ ಗಿಡ ಅಲ್ಲ. ಅದು ಸತ್ತುಹೋಯ್ತು. ನಾನೇ ಸುಳಿಗೆ ನೀರು ಬಿಟ್ಟು ಕೊಂದೆ. ಇದನ್ನ ತಂದು ಆ ಕುಂಡಕ್ಕೆ ಹಾಕಿದೆ."

"ಗೊತ್ತು."

ಅವಳಿಗೆ ಅರ್ಥವಾಗಲಿಲ್ಲ.

ಅವನು ಡಬ್ಬಿಯಿಂದ ಎರಡು ಬೋಲ್ಟು ತೆಗೆದು ಅವಳ ಅಂಗೈಗೆ ಹಾಕಿದ. "ದಿನಾ ಇದರ ಮೈಮೇಲೆ ಈ ಸುತ್ತುಗೆರೆ, ಅದೇ ಥ್ರೆಡ್, ಹಾಕೋದೇ ನನ್ನ ಹೊಟ್ಟೆಪಾಡು. ನೋಡಿ, ಇದು ಬಲಕ್ಕೆ ಸುತ್ತುತ್ತೆ, ಇದು ಎಡಕ್ಕೆ. ಅಕ್ಕನ ಕೇದಿಗೆ ಎಲೆ ಎಡಕ್ಕೆ ಸುತ್ತಿಕೊಂಡು ಮೇಲೆ ಹೋಗ್ತಿತ್ತು. ಇದು ಬಲಕ್ಕೆ. ಮೊದಲನೇ ಭಾನುವಾರವೇ ಗೊತ್ತಾಯ್ತು."

"ಮತ್ತೆ... ಯಾಕೆ ಸುಮ್ನಿದ್ರಿ?"

"ಅಕ್ಕ ದಿನಾ ಕೇಳ್ತಿದ್ಲಲ್ಲ. ಹೊಸ ಎಲೆ ಬಂದಿದೆ ಅಂತ ಹೇಳ್ತಿದ್ದೆ. ನಾನೂ ಸುಳ್ಳನೇ. ಆದ್ರೆ ನಿಮ್ಮನ್ನ ಪ್ರತಿ ವಾರ ಕೇಳಿದೆ, ಏನೂ ಆಗಿಲ್ವಾ ಅಂತ. ಒಂದು ಸಲ ಹೇಳಿದ್ರೆ ಸಾಕಿತ್ತು. ಗಿಡ ಸಾಯುತ್ತೆ, ಅದಕ್ಕೆ ಯಾರೂ ನೇಣು ಹಾಕಲ್ಲ. ನೀವು ನಗ್ತಿದ್ರಿ."

"ನಾನು... ನೀವು ಪ್ರೀತಿಯಿಂದ ಕೇಳ್ತಿದ್ದೀರಿ ಅಂದ್ಕೊಂಡೆ."

"ಪ್ರೀತಿಯಿಂದಲೇ ಕೇಳಿದ್ದು." ಅವನ ದನಿ ಒಡೆಯಿತು. "ಇಲ್ಲದಿದ್ರೆ ಅವತ್ತೇ ನಿಮ್ಮ ಯಜಮಾನಿ ಹತ್ರ ಜಗಳ ಆಡಿ ಹೋಗಿರ್ತಿದ್ದೆ. ಸತ್ತ ಅಕ್ಕನ್ನ ತಂದು ಆ ಸುಳ್ಳಿನೊಳಗೆ ಕೂರಿಸಿದ್ರಲ್ಲ, ಅದನ್ನ ಹೇಗೆ ನುಂಗ್ಲಿ?"

ಅವಳು ತಲೆ ತಗ್ಗಿಸಿದಳು. ಕ್ಷಮಿಸಿ ಎನ್ನುವ ಮಾತು ಕೂಡ ಅಗ್ಗವೆನಿಸಿತು.

"ಅಕ್ಕನ ಗಿಡ ಎಲ್ಲಿ?"

"ಗೊಬ್ಬರದ ಗುಂಡಿಗೆ ಎಸೆದೆ."

ಅವನು ಗೋಡೆಯ ಕಡೆ ತಿರುಗಿ ನಿಂತ. ಹತ್ತಿರ ಹೋಗುವ ಧೈರ್ಯ ಅವಳಿಗಿರಲಿಲ್ಲ, ಹೊರಡುವ ಮನಸ್ಸೂ ಇರಲಿಲ್ಲ. ಹೊರಗೆ ಊಟ ಮುಗಿಸಿದವರು ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತಿತ್ತು.

ಕೊನೆಗೆ ಅವಳು ಬೋಲ್ಟುಗಳನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ನಡೆದಳು.

"ಕುಂಡ ತಗೊಂಡು ಹೋಗಿ," ಎಂದ ಅವನು. "ನನ್ನ ಮನೆ ಈಗ ಯಾವಾಗಲೂ ಬೀಗ ಹಾಕಿರುತ್ತೆ. ಒಳಗೆ ಬೆಳಕಿಲ್ಲ."

ಮರಳಿ ಬಂದು ಕುಂಡಕ್ಕೆ ಕೈ ಹಾಕಿದಳು. ಅವನು ಗೂಟದ ಮೇಲಿದ್ದ ತನ್ನ ಗ್ಲೌಸು ತೆಗೆದು ಅವಳ ಮುಂದೆ ಹಿಡಿದ. ಮುಖ ನೋಡಲಿಲ್ಲ.

"ಹಾಕ್ಕೊಳ್ಳಿ. ಇದು ಮುಳ್ಳಿಗೆ ಕೊಡೋದು. ಯೋಗ್ಯತೆಗೆ ಕೊಡೋ ಬಹುಮಾನ ಅಲ್ಲ."

ಹಾಕಿಕೊಂಡಳು. ಕಣ್ಣೀರು ಒರೆಸಿಕೊಳ್ಳಲು ಆ ಗ್ಲೌಸಿನಲ್ಲಿ ಆಗಲಿಲ್ಲ.

"ಗಿಡ ಹೇಗಿದೆ?" ಎಂದು ಕೇಳಿದ.

"ಚೆನ್ನಾ..." ಅಭ್ಯಾಸದ ಮಾತು ಅರ್ಧದಲ್ಲೇ ನಿಂತಿತು. "ಚೆನ್ನಾಗಿಲ್ಲ. ನೀವು ಬರೋದು ನಿಲ್ಲಿಸಿದ ಮೇಲೆ ನಾನು ಸರಿಯಾಗಿ ನೋಡ್ಕೊಂಡಿಲ್ಲ. ಎಲೆ ತುದಿ ಒಣಗ್ತಿದೆ. ಇವತ್ತು ಬಸ್ಸಲ್ಲಿ ಒಂದು ಬೇರೂ ಮುರೀತು."

ಅವನು ಬಗ್ಗಿ ಮುರಿದ ಬೇರನ್ನು ಮುಟ್ಟಿ ನೋಡಿದ.

"ಭಾನುವಾರ ಬಂದು ನೋಡ್ತೀನಿ."

"ನನ್ನನ್ನ...?"

"ಗಿಡಾನ."

"ಸಾಕು," ಎಂದಳು ಅವಳು. "ಅಷ್ಟೇ ಸಾಕು."